ಬೆಂಗಳೂರು–4 ಎಲ್ಲಿದೆ? ವಿಳಾಸ ಒಡೆದು ಹುಡುಕಿದ ಒಂದು ಪ್ರಕರಣ

ಬೆಂಗಳೂರಿನ ಒಂದು ಸಣ್ಣ ಕನ್ನಡ ಮಾಸಪತ್ರಿಕೆ. ಚಂದಾದಾರರು ರಾಜ್ಯದ ತುಂಬ ಇದ್ದಾರೆ, ಹೊರಗೂ ಒಂದಷ್ಟು ಜನ ಇದ್ದಾರೆ. ರಾಜ್ಯೋತ್ಸವದ ವಿಶೇಷಾಂಕ ದಪ್ಪಗಿರುತ್ತದೆ. ಅಂಚೆಯಲ್ಲಿ ಹೋದರೆ ಮೂಲೆ ಮಡಚಿ, ಮುಖಪುಟ ಹರಿದು ತಲುಪುತ್ತದೆ ಅನ್ನುವ ದೂರು ಪ್ರತಿ ವರ್ಷ ಇದ್ದದ್ದೇ. ಹಾಗಾಗಿ ಈ ಸಲ ಬೆಂಗಳೂರಿನ ಪ್ರತಿಗಳನ್ನು ಬಡಾವಣೆವಾರು ಬಂಡಲ್ ಕಟ್ಟಿ ಕೈಯಾರೆ ಹಂಚೋಣ, ಹೊರಗಿನ ಊರುಗಳಿಗೆ ತಾಲ್ಲೂಕಿಗೊಂದು ಪುಸ್ತಕದಂಗಡಿ ಹಿಡಿದು ಅಲ್ಲಿಗೆ ಕಳಿಸೋಣ ಅಂತ ಸಂಪಾದಕರು ತೀರ್ಮಾನ ಮಾಡಿದರು. ಅದಕ್ಕೆ ಮೊದಲು ಯಾರು ಎಲ್ಲಿದ್ದಾರೆ ಅಂತ ನಕ್ಷೆಯ ಮೇಲೆ ಕಾಣಬೇಕು.

ವಿಳಾಸ ಕೊಟ್ಟರೆ ಅಕ್ಷಾಂಶ–ರೇಖಾಂಶ ಕೊಡುವ ಕೆಲಸಕ್ಕೆ ಜಿಯೋಕೋಡಿಂಗ್ ಅನ್ನುತ್ತಾರೆ. ಅದನ್ನು ಎರಡು ರೀತಿ ಮಾಡಬಹುದು. ವಿಳಾಸವನ್ನು ಇಡೀ ಒಂದೇ ಸಾಲಾಗಿ ಕೊಟ್ಟು "ನೀನೇ ನೋಡ್ಕೋ" ಅನ್ನುವುದು ಒಂದು. ರಸ್ತೆ ಬೇರೆ, ಊರು ಬೇರೆ, ಜಿಲ್ಲೆ ಬೇರೆ, ಪಿನ್‌ಕೋಡ್ ಬೇರೆ ಅಂತ ಒಡೆದು, ಒಂದೊಂದನ್ನು ಅದರದರ ಖಾನೆಯಲ್ಲಿ ಕೊಡುವುದು ಇನ್ನೊಂದು. ಈ ಬರಹ ಎರಡನೆಯ ರೀತಿಯ ಬಗ್ಗೆ. ಅದು ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈ ಕೊಟ್ಟಿತು ಅನ್ನುವುದರ ಬಗ್ಗೆ.

ಮೊದಲ ನಕ್ಷೆ

ನನ್ನನ್ನು ಕರೆಯುವ ಹೊತ್ತಿಗೆ ಒಂದು ನಕ್ಷೆ ಆಗಲೇ ತಯಾರಾಗಿತ್ತು. ಎಕ್ಸೆಲ್ ಶೀಟಿನಲ್ಲಿದ್ದ ವಿಳಾಸದ ಕಾಲಂ ಅನ್ನು ಹಾಗೇ ಎತ್ತಿ ದುಡ್ಡು ತೆಗೆದುಕೊಳ್ಳುವ ಒಂದು ಸೇವೆಗೆ ಕೊಟ್ಟಿದ್ದರು. ನೋಡಲು ಚೆನ್ನಾಗಿತ್ತು. ಪ್ರತಿ ಸಾಲಿಗೂ ಒಂದು ಚುಕ್ಕೆ. ಖಾಲಿ ಉಳಿದ ಸಾಲು ಒಂದೂ ಇಲ್ಲ.

ನನಗೆ ಅನುಮಾನ ಬಂದದ್ದೇ ಅಲ್ಲಿ. ಚಂದಾ ಪಟ್ಟಿ ಅಂದರೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಯಾರೋ ಫೋನಿನಲ್ಲಿ ಹೇಳಿದ್ದು, ಇನ್ಯಾರೋ ಬರೆದುಕೊಂಡದ್ದು, ಮತ್ಯಾರೋ ಟೈಪ್ ಮಾಡಿದ್ದು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಂಥ ಪಟ್ಟಿಗೆ ಒಂದೂ ತಪ್ಪದೆ ಉತ್ತರ ಬಂತು ಅಂದರೆ, ಗೊತ್ತಿಲ್ಲ ಅನ್ನುವ ಅಭ್ಯಾಸ ಆ ಸೇವೆಗೆ ಇಲ್ಲ ಅಂತಲೇ ಅರ್ಥ.

ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ ಬೆಂಗಳೂರಿನ ನಡುಮಧ್ಯೆ ಒಂದೇ ಜಾಗದಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಕೂತಿತ್ತು. ದಶಮಾಂಶದ ಕೊನೆಯ ಅಂಕಿಯವರೆಗೂ ಅದೇ ಅಕ್ಷಾಂಶ, ಅದೇ ರೇಖಾಂಶ. ಅಷ್ಟು ಜನ ಒಂದೇ ಕಟ್ಟಡದಲ್ಲಿ ಇರಲು ಸಾಧ್ಯವಿಲ್ಲ. ರಸ್ತೆ ಗೊತ್ತಾಗದಿದ್ದಾಗ ಸೇವೆ ಸುಮ್ನೆ "ಬೆಂಗಳೂರು" ಅನ್ನುವ ಊರಿನ ನಡುಬಿಂದುವನ್ನು ಕೊಟ್ಟು ಕೈ ತೊಳೆದುಕೊಂಡಿತ್ತು. ಇಂಥ ಪಟ್ಟಿ ಯಾರ ಕೈಗೆ ಬಂದರೂ ಮಾಡಬೇಕಾದ ಮೊದಲ ಕೆಲಸ ಇದು: ಒಂದೇ ಅಂಕಿ ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡುವುದು. ಎರಡೇ ನಿಮಿಷದ ಕೆಲಸ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ವಿಜಯಪುರದ ಒಂದಷ್ಟು ಚುಕ್ಕೆಗಳು ಗೋಲಗುಮ್ಮಟದ ಊರಿನಲ್ಲಿ ಕೂತಿದ್ದವು. ರವಾನೆ ನೋಡಿಕೊಳ್ಳುವ ಹಿರಿಯರು ಹೆಸರು ನೋಡಿದವರೇ ನಕ್ಕರು. "ಇವ್ರು ದೇವನಹಳ್ಳಿ ಕಡೆಯವ್ರು ಸಾರ್. ಚಂದಾ ಕಟ್ಟೋಕೆ ಆಫೀಸಿಗೇ ಬರ್ತಾರೆ." ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಅದರ ಪಿನ್‌ಕೋಡ್ 562135. ಹಿಂದೆ ಬಿಜಾಪುರ ಅನ್ನುತ್ತಿದ್ದ ವಿಜಯಪುರದ್ದು 586101. ನಡುವೆ ಐನೂರು ಕಿಲೋಮೀಟರ್ ಹತ್ತಿರ ದಾರಿ ಇದೆ. ವಿಳಾಸದಲ್ಲಿ ಪಿನ್‌ಕೋಡ್ ಸರಿಯಾಗಿಯೇ ಇತ್ತು. ಆದರೆ ಇಡೀ ಸಾಲು ಕೊಟ್ಟಾಗ ಯಾವ ಪದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಸೇವೆಯೇ ತೀರ್ಮಾನಿಸುತ್ತದೆ. ದೊಡ್ಡ ಊರು ಗೆದ್ದಿತು.

ಊರಿನ ನಡುವೆ ಗುಂಪಾಗಿ ಕೂತ ಚುಕ್ಕೆ ತಪ್ಪು ಅಂತ ನೋಡಿದರೇ ಗೊತ್ತಾಗುತ್ತದೆ. ಬೇರೆ ವಿಜಯಪುರದಲ್ಲಿ ಕೂತ ಚುಕ್ಕೆ ನೋಡಲು ಸರಿಯಾಗಿಯೇ ಕಾಣುತ್ತದೆ. ಬಂಡಲ್ ಹೋಗಿ ಮುಟ್ಟಿದ ಮೇಲೇ ಗೊತ್ತಾಗುವುದು.

ಏಳು ಖಾನೆಗಳು

ಎರಡನೇ ಸುತ್ತಿಗೆ ನಾಮಿನಾಟಿಮ್ ಆರಿಸಿಕೊಂಡೆವು. ಇದು ಜನರೇ ಸೇರಿ ತುಂಬುವ ತೆರೆದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯ ಮೇಲೆ ನಡೆಯುವ ಹುಡುಕಾಟದ ತಂತ್ರಾಂಶ. ಬಿಟ್ಟಿ ಅನ್ನುವುದು ಒಂದು ಕಾರಣ ಅಷ್ಟೇ. ಬಂದ ಉತ್ತರವನ್ನು ನಮ್ಮ ಹತ್ತಿರವೇ ಇಟ್ಟುಕೊಂಡು ವರ್ಷಗಟ್ಟಲೆ ಬಳಸಬಹುದು ಅನ್ನುವುದು ದೊಡ್ಡ ಕಾರಣ. ಗೂಗಲ್‌ನ ನಿಯಮದ ಪ್ರಕಾರ ಅಕ್ಷಾಂಶ–ರೇಖಾಂಶವನ್ನು 30 ದಿನಕ್ಕಿಂತ ಜಾಸ್ತಿ ಕೂಡಿಡುವಂತಿಲ್ಲ. ಚಂದಾ ಪಟ್ಟಿಯಂಥ ಕೆಲಸಕ್ಕೆ ಅದು ಹೊಂದುವುದಿಲ್ಲ.

ಇನ್ನೊಂದು ವಿಷಯ ಚಂದಾದಾರರ ಗುಟ್ಟಿನದು. ಜನರ ಮನೆ ವಿಳಾಸವನ್ನು ಹೊರಗಿನ ಸರ್ವರ್‌ಗೆ ಸುರಿಯುವುದು ನನಗೆ ಸರಿ ಅನ್ನಿಸಲಿಲ್ಲ. ನಾಮಿನಾಟಿಮ್ ಅನ್ನು ನಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಜಿಯೋಫ್ಯಾಬ್ರಿಕ್ ತಾಣದಲ್ಲಿ ಭಾರತದ ದಕ್ಷಿಣ ವಲಯದ ನಕ್ಷೆ ಮಾಹಿತಿ ಬೇರೆಯಾಗಿಯೇ ಸಿಗುತ್ತದೆ, ಇಡೀ ಜಗತ್ತನ್ನು ಇಳಿಸಿಕೊಳ್ಳಬೇಕಿಲ್ಲ. ಎಲ್ಲರಿಗೂ ತೆರೆದಿರುವ ಸಾರ್ವಜನಿಕ ಸರ್ವರ್ ಬಳಸಿದರೆ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಪ್ರಶ್ನೆ ಕೇಳುವಂತಿಲ್ಲ. ನಾವು ಯಾವ ತಂತ್ರಾಂಶದಿಂದ ಕೇಳುತ್ತಿದ್ದೇವೆ ಅಂತ ಹೇಳಿಕೊಳ್ಳಬೇಕು. ಒಮ್ಮೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳದೆ ಉಳಿಸಿಟ್ಟುಕೊಳ್ಳಬೇಕು. ದೊಡ್ಡ ಪಟ್ಟಿಗೆ ಅದು ಇರುವುದೇ ಅಲ್ಲ.

ನಾಮಿನಾಟಿಮ್‌ನಲ್ಲಿ ಒಡೆದ ವಿಳಾಸಕ್ಕೆ ಏಳು ಖಾನೆಗಳಿವೆ: ಅಮೆನಿಟಿ, ಸ್ಟ್ರೀಟ್, ಸಿಟಿ, ಕೌಂಟಿ, ಸ್ಟೇಟ್, ಕಂಟ್ರಿ, ಪೋಸ್ಟಲ್‌ಕೋಡ್. ಅಮೆನಿಟಿ ಅಂದರೆ ಆ ಜಾಗದ ಹೆಸರು ಅಥವಾ ಬಗೆ: ಗ್ರಂಥಾಲಯ, ಶಾಲೆ, ಹೋಟೆಲು ಹೀಗೆ. ಸ್ಟ್ರೀಟ್ ಖಾನೆಯಲ್ಲಿ ಮನೆ ನಂಬರೂ ರಸ್ತೆಯ ಹೆಸರೂ ಸೇರಿ ಹೋಗಬೇಕು. ಎಲ್ಲ ಖಾನೆಯನ್ನೂ ತುಂಬಲೇಬೇಕು ಅಂತಿಲ್ಲ. ಆದರೆ ಒಡೆದ ಖಾನೆ ಕೊಟ್ಟಮೇಲೆ ಅದರ ಜೊತೆಗೆ ಇಡೀ ಸಾಲನ್ನೂ ಕೊಡುವಂತಿಲ್ಲ. ಇದೋ, ಅದೋ.

ಸಾರ್ವಜನಿಕ ಸಂಸ್ಥೆಯ ಒಂದು ವಿಳಾಸ ತೆಗೆದುಕೊಳ್ಳಿ. "ಕನ್ನಡ ಸಾಹಿತ್ಯ ಪರಿಷತ್ತು, ಪಂಪ ಮಹಾಕವಿ ರಸ್ತೆ, ಚಾಮರಾಜಪೇಟೆ, ಬೆಂಗಳೂರು 560018." ಒಡೆದರೆ ಹೀಗಾಗುತ್ತದೆ:

ಅಮೆನಿಟಿ = ಕನ್ನಡ ಸಾಹಿತ್ಯ ಪರಿಷತ್ತು
ಸ್ಟ್ರೀಟ್ = ಪಂಪ ಮಹಾಕವಿ ರಸ್ತೆ
ಸಿಟಿ = ಬೆಂಗಳೂರು
ಸ್ಟೇಟ್ = ಕರ್ನಾಟಕ
ಪೋಸ್ಟಲ್‌ಕೋಡ್ = 560018

ಚಾಮರಾಜಪೇಟೆ ಎಲ್ಲಿ ಹೋಯಿತು? ಅದಕ್ಕೆ ಖಾನೆಯೇ ಇಲ್ಲ. ಇಡೀ ಪ್ರಕರಣದ ತಲೆನೋವು ಇಲ್ಲೇ ಇರುವುದು. ಬೆಂಗಳೂರಿನವರಿಗೆ ವಿಳಾಸ ಅಂದರೆ ಮೊದಲು ಬಡಾವಣೆ. ಆಟೋದವರು ರಸ್ತೆ ಕೇಳುವುದಿಲ್ಲ, "ಯಾವ ಏರಿಯಾ?" ಅಂತಾರೆ. ಈ ಖಾನೆಗಳು ಹುಟ್ಟಿದ್ದು ರಸ್ತೆಗೊಂದು ಹೆಸರು, ಮನೆಗೊಂದು ನಂಬರು, ಅದಾದ ಮೇಲೆ ನೇರವಾಗಿ ಊರು ಅನ್ನುವ ಕಡೆಯ ಲೆಕ್ಕದಲ್ಲಿ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗ ಚಂದಾದಾರರ ವಿಳಾಸಗಳು ಒಂದೂ ತಕರಾರಿಲ್ಲದೆ ಖಾನೆಗೆ ಕೂತವು. ಗಾಂಧಿಬಜಾರಿನ ವಿಳಾಸ ಕೂರಲಿಲ್ಲ.

ಎಲ್ಲ ಸೇವೆಗಳೂ ಹೀಗೇ ಅಂತಲ್ಲ. ಪೀಲಿಯಸ್‌ನಲ್ಲಿ ನೇಬರ್‌ಹುಡ್ ಅನ್ನುವ ಖಾನೆ ಬೇರೆಯೇ ಇದೆ. ಹಿಯರ್ ಸೇವೆಯಲ್ಲಿ ಡಿಸ್ಟ್ರಿಕ್ಟ್ ಅನ್ನುವುದಿದೆ, ಅದು ನಮ್ಮ ಜಿಲ್ಲೆಯಲ್ಲ, ಊರೊಳಗಿನ ಭಾಗ. ಮ್ಯಾಪ್‌ಬಾಕ್ಸ್‌ನ ಹೊಸ ಆವೃತ್ತಿಯಲ್ಲಿ ನೇಬರ್‌ಹುಡ್ ಜೊತೆಗೆ ಬ್ಲಾಕ್ ಅಂತ ಒಂದು ಖಾನೆ ಕಂಡಾಗ ಜಯನಗರ 4ನೇ ಬ್ಲಾಕಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಆಸೆಯಾಗುತ್ತದೆ. ಆದರೆ ಅದು ಜಪಾನಿನ ವಿಳಾಸಗಳಿಗಾಗಿ ಮೀಸಲಿಟ್ಟದ್ದು. ಗೂಗಲ್‌ನದು ಇನ್ನೊಂದು ದಾರಿ. ಅಲ್ಲಿ ವಿಳಾಸದ ಸಾಲಿನ ಜೊತೆಗೇ ಸೋಸುವ ಖಾನೆಗಳನ್ನು ಕೊಡಬಹುದು. ದೇಶ ಮತ್ತು ಪಿನ್‌ಕೋಡ್ ಗಟ್ಟಿಯಾಗಿ ಸೋಸುತ್ತವೆ. ರಸ್ತೆ, ಊರು, ರಾಜ್ಯ ಇವು ಒಲವು ತೋರಿಸುತ್ತವೆ ಅಷ್ಟೇ. ಒಂದೇ ಭಾಗವನ್ನು ಎರಡೂ ಕಡೆ ಬರೆದರೆ ಖಾಲಿ ಉತ್ತರ ಬರುವ ಸಾಧ್ಯತೆ ಇದೆ ಅಂತ ಅವರೇ ಎಚ್ಚರಿಸುತ್ತಾರೆ.

ಹಳ್ಳಿಗಳು ಸಲೀಸು

ಆಫೀಸಿನಲ್ಲಿ ಎಲ್ಲರೂ ಅಂದುಕೊಂಡದ್ದು ಬೆಂಗಳೂರಿನ ವಿಳಾಸ ಬೇಗ ಮುಗಿಯುತ್ತದೆ, ಹಳ್ಳಿಗಳದ್ದೇ ಕಷ್ಟ ಅಂತ. ಆದದ್ದು ಪೂರ್ತಿ ಉಲ್ಟಾ.

ನಮ್ಮ ಹಳ್ಳಿ ವಿಳಾಸ ಒಡೆದುಕೊಂಡೇ ಬರುತ್ತದೆ. "ಮು: ಇಂಥ ಊರು, ಪೋ: ಇಂಥದ್ದು, ತಾ: ಇಂಥದ್ದು, ಜಿ: ಇಂಥದ್ದು." ಉತ್ತರ ಕರ್ನಾಟಕದವರು "ಮು.ಪೋ." ಅಂತ ಸೇರಿಸಿ ಬರೆಯುತ್ತಾರೆ, ಹಳೇ ಮೈಸೂರಿನವರು ನಡುವೆ ಹೋಬಳಿ ಸೇರಿಸುತ್ತಾರೆ. ಖಾನೆಯ ಹೆಸರನ್ನು ಬರೆದವರೇ ಕೊಟ್ಟುಬಿಟ್ಟಿದ್ದಾರೆ! "ತಾ" ಅನ್ನುವ ಅಕ್ಷರ ಹಿಡಿದು ಮುಂದಿನ ಪದ ಎತ್ತಿಕೊಂಡರೆ ಕೆಲಸ ಮುಗಿಯಿತು. ಊರು ಸಿಟಿ ಖಾನೆಗೆ, ತಾಲ್ಲೂಕು ಕೌಂಟಿ ಖಾನೆಗೆ, ರಾಜ್ಯ ಸ್ಟೇಟ್ ಖಾನೆಗೆ.

ಅಂಚೆಯ ಹೆಸರು ಮಾತ್ರ ಬಿಡಬೇಕು. ಎಷ್ಟೋ ಸಲ ಅಂಚೆ ಕಚೇರಿ ಇರುವುದು ಪಕ್ಕದೂರಿನಲ್ಲಿ. ಅದನ್ನು ಊರಿನ ಖಾನೆಗೆ ಸೇರಿಸಿದರೆ ಎರಡು ಊರಿನ ಹೆಸರು ಒಂದೇ ಕಡೆ ಕೂತು, ಎರಡೂ ಸಿಗುವುದಿಲ್ಲ. ಹೋಬಳಿಗೂ ಖಾನೆ ಇಲ್ಲ. ಆದರೂ ಇವನ್ನು ಅಳಿಸಬಾರದು, ಪಕ್ಕದ ಕಾಲಂನಲ್ಲಿ ಇರಲಿ. ಒಂದೇ ತಾಲ್ಲೂಕಿನಲ್ಲಿ ಎರಡು ಹೊಸಹಳ್ಳಿ ಬಂದಾಗ ಬಿಡಿಸಿ ಹೇಳುವುದು ಹೋಬಳಿಯೇ.

ಹೊಸಹಳ್ಳಿ, ರಾಮಪುರ, ಬಸಾಪುರ. ಈ ಹೆಸರಿನ ಊರುಗಳು ಕರ್ನಾಟಕದಲ್ಲಿ ಎಷ್ಟಿವೆಯೋ! ಬರೀ ಊರು ಮತ್ತು ರಾಜ್ಯ ಕೊಟ್ಟು ಕೇಳಿದರೆ ಉದ್ದನೆಯ ಪಟ್ಟಿ ಬರುತ್ತದೆ. ನಾಮಿನಾಟಿಮ್ ಸಾಮಾನ್ಯವಾಗಿ 10 ಉತ್ತರ ಕೊಡುತ್ತದೆ, ಕೇಳಿದರೆ 40ರವರೆಗೂ ಕೊಡುತ್ತದೆ. ಮೊದಲನೆಯದನ್ನೇ ಎತ್ತಿಕೊಳ್ಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ತಾಲ್ಲೂಕು ಸೇರಿಸಿದ ಕೂಡಲೇ ಪಟ್ಟಿ ಒಂದಕ್ಕೋ ಎರಡಕ್ಕೋ ಇಳಿಯುತ್ತದೆ. ದೇವನಹಳ್ಳಿಯ ವಿಜಯಪುರವೂ ಹೀಗೇ ದಾರಿಗೆ ಬಂತು. ಸಿಟಿ ವಿಜಯಪುರ, ಕೌಂಟಿ ದೇವನಹಳ್ಳಿ ಅಂದ ಮೇಲೆ ಗೋಲಗುಮ್ಮಟಕ್ಕೆ ಹೋಗಲು ಅದಕ್ಕೆ ದಾರಿಯೇ ಇಲ್ಲ.

ಕನ್ನಡ ಲಿಪಿಯಲ್ಲೇ ಕೇಳುವುದರಿಂದ ಇಲ್ಲಿ ಒಂದು ಅನುಕೂಲವಾಯಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಊರಿಗೆ ಹಲವು ಭಾಷೆಯ ಹೆಸರು, ಹಳೇ ಹೆಸರು ಎಲ್ಲ ಬರೆಯಬಹುದು. ನಾಮಿನಾಟಿಮ್ ಅವೆಲ್ಲವನ್ನೂ ಹುಡುಕುತ್ತದೆ. ಶಿರಸಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆಯುತ್ತಾರೆ. ಕನ್ನಡದಲ್ಲಿ ಹೆಚ್ಚಾಗಿ ಶಿರಸಿ ಅಂತಲೇ ಬರೆಯುತ್ತಾರೆ. ಕನ್ನಡದ ಹೆಸರನ್ನು ಯಾರೋ ಪುಣ್ಯಾತ್ಮರು ನಕ್ಷೆಯಲ್ಲಿ ತುಂಬಿರುವ ಕಡೆಗಳಲ್ಲಿ ಇದು ಸಲೀಸು. ತುಂಬದ ಕಡೆ ಇಂಗ್ಲಿಷಿನಲ್ಲೇ ಮತ್ತೊಂದು ಸಲ ಕೇಳಬೇಕಾಯಿತು.

ಬೆಂಗಳೂರು ಕಷ್ಟ

ಬೆಂಗಳೂರಿನಲ್ಲಿ ರಸ್ತೆಗೆ ಹೆಸರಿಗಿಂತ ನಂಬರೇ ಜಾಸ್ತಿ. 1898ರ ಪ್ಲೇಗಿನ ಸುಮಾರಿಗೆ ಬೆಳೆದ ಮಲ್ಲೇಶ್ವರಂ, ಬಸವನಗುಡಿಯ ಕಾಲದಿಂದಲೂ ಬಡಾವಣೆ ಅಂದರೆ ಮೇನ್ ಮತ್ತು ಕ್ರಾಸ್‌ಗಳ ಚೌಕ. ಆಮೇಲೆ ಬಂದ ಪ್ರತಿ ಬಡಾವಣೆಯೂ ತನ್ನ ಎಣಿಕೆಯನ್ನು ಒಂದರಿಂದ ಶುರು ಮಾಡಿತು. ಸ್ಟೇಜು, ಬ್ಲಾಕು ಬದಲಾದಾಗ ಅದೇ ಬಡಾವಣೆಯೊಳಗೆ ಮತ್ತೆ ಒಂದರಿಂದ ಶುರುವಾಗುವುದೂ ಉಂಟು. ಸ್ಟ್ರೀಟ್ ಖಾನೆಯಲ್ಲಿ "7ನೇ ಕ್ರಾಸ್", ಸಿಟಿ ಖಾನೆಯಲ್ಲಿ "ಬೆಂಗಳೂರು" ಅಂತ ಕೊಟ್ಟರೆ ಊರಿನ ಯಾವ ಮೂಲೆಯ 7ನೇ ಕ್ರಾಸ್ ಬೇಕಾದರೂ ಬರಬಹುದು. ಬಂದ ಉತ್ತರ ತಪ್ಪಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಇದೆ.

ಸಿಟಿ ಖಾನೆಯಲ್ಲಿ ಬೆಂಗಳೂರಿನ ಬದಲು ಬಡಾವಣೆಯ ಹೆಸರನ್ನೇ ಹಾಕಿದರೆ ಬಹಳ ಸಲ ನಡೆಯುತ್ತದೆ. ಆ ಖಾನೆ ಊರು, ಹಳ್ಳಿ, ಊರೊಳಗಿನ ಬಡಾವಣೆ ಎಲ್ಲವನ್ನೂ ಒಂದು ಮಟ್ಟಿಗೆ ಒಪ್ಪುತ್ತದೆ. ಸ್ಟ್ರೀಟ್ "11ನೇ ಮೇನ್", ಸಿಟಿ "ಜಯನಗರ", ಸ್ಟೇಟ್ "ಕರ್ನಾಟಕ". ಇದು ನಿಯಮದ ಪುಸ್ತಕದಲ್ಲಿ ಇರುವ ದಾರಿಯಲ್ಲ, ನೆಚ್ಚಿಕೊಂಡು ಕೂರುವಂತಿಲ್ಲ. ನಡೆಯದ ಕಡೆ ನಾವು ಬೆಂಗಳೂರು ಅಂತಲೇ ಕೊಟ್ಟು, 40 ಉತ್ತರಗಳನ್ನೂ ತರಿಸಿ, ಪ್ರತಿ ಉತ್ತರದ ಜೊತೆ ಬರುವ ವಿಳಾಸದ ವಿವರದಲ್ಲಿ ಬಡಾವಣೆಯ ಹೆಸರು ಹೊಂದುತ್ತದೆಯೇ ಅಂತ ನಾವೇ ಸೋಸಿದೆವು. ಖಾನೆ ಕೇಳುವಾಗ ಇಲ್ಲ, ಆದರೆ ಉತ್ತರದಲ್ಲಿ ಇದೆ. ವಿಚಿತ್ರ, ಆದರೆ ಉಪಯೋಗಕ್ಕೆ ಬಂತು.

ಮೂಲೆ ವಿಳಾಸಗಳದ್ದು ಇನ್ನೊಂದು ಗೋಳು. "ಮಾರ್ಗೋಸಾ ರಸ್ತೆ, 7ನೇ ಕ್ರಾಸ್, ಮಲ್ಲೇಶ್ವರಂ" ಅಂದರೆ ಬೆಣ್ಣೆ ಮಸಾಲೆಗೆ ಹೆಸರಾದ ಸಿಟಿಆರ್ ಹೋಟೆಲು ಇರುವ ಮೂಲೆ ಅಂತ ಆ ಕಡೆ ಓಡಾಡಿದವರಿಗೆಲ್ಲ ಗೊತ್ತು. ಆದರೆ ಅದರಲ್ಲಿ ರಸ್ತೆ ಎರಡು, ಸ್ಟ್ರೀಟ್ ಖಾನೆ ಒಂದು. ಎರಡನ್ನೂ ಒಂದೇ ಖಾನೆಗೆ ತುರುಕಿದರೆ ಅಂಥ ಹೆಸರಿನ ರಸ್ತೆ ಇಲ್ಲ ಅನ್ನುತ್ತದೆ, ಅದೂ ಸರಿಯೇ. ನಾವು ಎರಡು ಪ್ರಶ್ನೆ ಮಾಡಿದೆವು. ಒಂದು ಸಲ ಬರೀ ಮಾರ್ಗೋಸಾ ರಸ್ತೆ, ಇನ್ನೊಂದು ಸಲ ಬರೀ 7ನೇ ಕ್ರಾಸ್. ಎರಡೂ ಉತ್ತರದ ಪಟ್ಟಿಯಲ್ಲಿ ಒಂದಕ್ಕೊಂದು ತೀರಾ ಹತ್ತಿರ ಇರುವ ಜೋಡಿಯನ್ನು ಹುಡುಕಿದೆವು. ಊರಲ್ಲಿ 7ನೇ ಕ್ರಾಸ್ ಎಷ್ಟಾದರೂ ಇರಲಿ, ಮಾರ್ಗೋಸಾ ರಸ್ತೆಗೆ ತಾಗುವುದು ಮಲ್ಲೇಶ್ವರಂನದು. ಹೆಸರಿರುವ ರಸ್ತೆ ಒಂದಾದರೂ ಇದ್ದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. "3ನೇ ಮೇನ್, 5ನೇ ಕ್ರಾಸ್" ಥರದ್ದಕ್ಕೆ ಬಡಾವಣೆಯ ಹೆಸರು ಇಲ್ಲದೆ ಯಾರೂ ಏನೂ ಮಾಡಲಾರರು. ಬೆಂಗಳೂರಲ್ಲೇ ಹುಟ್ಟಿದ ಪೋಸ್ಟ್‌ಮ್ಯಾನ್ ಕೂಡ.

ಬರವಣಿಗೆ ಒಂದೇ ಮಾಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು ಅಂತ ಹೇಳಬೇಕು. ಅಡ್ಡರಸ್ತೆ ಮತ್ತು ಕ್ರಾಸ್, ಮುಖ್ಯರಸ್ತೆ ಮತ್ತು ಮೇನ್, "ಏಳನೇ" ಮತ್ತು "7ನೇ" ಮತ್ತು ರೋಮನ್ ಅಂಕಿ. ಬನಶಂಕರಿಗೆ ಸ್ಟೇಜು, ಜೆ.ಪಿ. ನಗರಕ್ಕೆ ಫೇಸು, ಎಚ್.ಎಸ್.ಆರ್.ಗೆ ಸೆಕ್ಟರು. ನಕ್ಷೆಯಲ್ಲಿ ಬೆಂಗಳೂರಿನ ರಸ್ತೆಗಳ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ, ಹಳ್ಳಿಗಳಿಗೆ ಮಾಡಿದ್ದಕ್ಕೆ ತಿರುಗುಮುರುಗಾಗಿ ಇಲ್ಲಿ ಮೊದಲು ಇಂಗ್ಲಿಷ್, ಆಮೇಲೆ ಕನ್ನಡ. "ಗಣಪತಿ ದೇವಸ್ಥಾನದ ಹಿಂಭಾಗ", "ಮೇಲ್ಮಹಡಿ", "ಕೇರಾಫ್" ಇವೆಲ್ಲ ಪ್ರಶ್ನೆಗೆ ಹೋಗಬಾರದು. ಬೇರೆ ಕಾಲಂನಲ್ಲಿ ಕೂತಿರಲಿ. ಬಂಡಲ್ ಹಿಡಿದು ಬೀದಿಗೆ ಹೋದ ಹುಡುಗನಿಗೆ ಬೇಕಾಗುವುದು ಅದೇ.

ಮನೆ ನಂಬರನ್ನು ನಾವು ಕಳಿಸಲೇ ಇಲ್ಲ. ನಕ್ಷೆಯಲ್ಲಿ ಬೆಂಗಳೂರಿನ ಮನೆ ನಂಬರುಗಳು ಇರುವುದೇ ಅಪರೂಪ. ಜೊತೆಗೆ "ಹಳೇ ನಂ., ಹೊಸ ನಂ." ಅಂತ ಎರಡೆರಡು. ಬಂಡಲ್ ಮಾಡಲು ರಸ್ತೆ ಸಿಕ್ಕರೆ ಸಾಕು.

ಪಿನ್‌ಕೋಡಿಗೆ ಬೇರೆ ಕೆಲಸ

ಭಾರತದಲ್ಲಿ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಕರ್ನಾಟಕದ್ದು 56ರಿಂದ 59ರೊಳಗೆ ಶುರುವಾಗುತ್ತದೆ. ಹಳಬರು ಇವತ್ತಿಗೂ "ಬೆಂಗಳೂರು–4" ಅಂತಲೇ ಬರೆಯುತ್ತಾರೆ. ಪಟ್ಟಿಯಲ್ಲಿ ಇಂಥವು ಬೇಕಾದಷ್ಟಿದ್ದವು. ಅದು 560004, ಬಸವನಗುಡಿ. "ಬೆಂ–18" ಅಂದರೆ 560018, ಚಾಮರಾಜಪೇಟೆ. 560ರ ಮುಂದೆ ಮೂರಂಕಿ ಆಗುವ ಹಾಗೆ ಸೊನ್ನೆ ತುಂಬಿದರೆ ಆಯಿತು.

ಪಿನ್‌ಕೋಡನ್ನು ಪ್ರಶ್ನೆಯೊಳಗೆ ಹಾಕಬೇಕೋ ಬೇಡವೋ ಅಂತ ನಮ್ಮಲ್ಲೇ ವಾದ ಆಯಿತು. ನನ್ನ ಮತ ಬೇಡ ಅಂತ. ನಮ್ಮ ದೇಶದ ಪಿನ್‌ಕೋಡ್ ಗಡಿಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸರಿಯಾಗಿ ಇಲ್ಲ. ಯಾವ್ಯಾವ ಕಟ್ಟಡದ ವಿವರದಲ್ಲಿ ಪಿನ್‌ಕೋಡ್ ಬರೆದಿದೆಯೋ ಅವನ್ನೆಲ್ಲ ಒಟ್ಟು ಮಾಡಿ ನಾಮಿನಾಟಿಮ್ ಒಂದು ನಡುಬಿಂದು ಲೆಕ್ಕ ಹಾಕುತ್ತದೆ. ಅಷ್ಟರ ಮೇಲೆ ಪಟ್ಟಿಯಲ್ಲೇ ತಪ್ಪು ಪಿನ್‌ಕೋಡ್ ಇದ್ದರೆ ಸರಿಯಾದ ರಸ್ತೆಯೂ ಹಿಂದೆ ಸರಿಯುತ್ತದೆ, ಇಲ್ಲವೇ ಸಿಗುವುದೇ ಇಲ್ಲ. ತಪ್ಪು ಅಂದರೆ ಎಂಥದ್ದು? 560004 ಬರೆಯುವಾಗ 560040 ಆದರೆ ಬಸವನಗುಡಿಯವರು ವಿಜಯನಗರಕ್ಕೆ ಹೋಗುತ್ತಾರೆ. ಎರಡೂ ನಿಜವಾದ ಪಿನ್‌ಕೋಡ್‌ಗಳೇ, ಹಾಗಾಗಿ ಯಾವ ಯಂತ್ರವೂ ತಪ್ಪು ಅಂತ ಕೂಗುವುದಿಲ್ಲ.

ಹಾಗಾಗಿ ಪಿನ್‌ಕೋಡನ್ನು ಉತ್ತರ ತೂಗಿ ನೋಡಲು ಇಟ್ಟುಕೊಂಡೆವು. ರಸ್ತೆ, ಬಡಾವಣೆಯಿಂದ ಬಂದ ಚುಕ್ಕೆ ಒಂದು. ಬರೀ ಪಿನ್‌ಕೋಡಿನಿಂದ ಬಂದ ಚುಕ್ಕೆ ಇನ್ನೊಂದು. ಎರಡರ ನಡುವೆ ಕೆಲವು ಕಿಲೋಮೀಟರಿಗಿಂತ ಜಾಸ್ತಿ ದೂರ ಇದ್ದರೆ ಆ ಸಾಲಿಗೆ ಕೆಂಪು ಬಣ್ಣ. ಒಂದು ವಿಳಾಸಕ್ಕೆ ಇಬ್ಬರು ಬೇರೆ ಬೇರೆ ಸಾಕ್ಷಿಗಳು ಸಿಕ್ಕ ಹಾಗಾಯಿತು. ಪಿನ್‌ಕೋಡನ್ನೂ ಪ್ರಶ್ನೆಯೊಳಗೇ ಹಾಕಿದ್ದರೆ ಈ ಎರಡನೇ ಸಾಕ್ಷಿ ನಮಗೆ ಉಳಿಯುತ್ತಿರಲಿಲ್ಲ.

ಜಿಲ್ಲೆ ಬದಲಾದರೆ

ಪಟ್ಟಿ ಹಳೆಯದು. ಅದರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿಳಾಸ "ವಿದ್ಯಾರಣ್ಯ 583276, ಹೊಸಪೇಟೆ ತಾ., ಬಳ್ಳಾರಿ ಜಿ." ಅಂತಿತ್ತು. ಬರೆದ ಕಾಲಕ್ಕೆ ಸರಿ. 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆಯೇ ಅದರ ಜಿಲ್ಲಾ ಕೇಂದ್ರ. ಇಡೀ ಸಾಲು ಕೊಟ್ಟಿದ್ದರೆ ಸೇವೆ ಬಳ್ಳಾರಿ ಅನ್ನುವ ಪದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉತ್ತರ ಕೊಡಬಹುದಿತ್ತು. ಕೌಂಟಿ ಖಾನೆಯಲ್ಲಿ ಬಳ್ಳಾರಿ ಅಂತ ಕೊಟ್ಟರೆ ಆ ಜಾಗ ಬಳ್ಳಾರಿಯೊಳಗೆ ಇರಲೇಬೇಕು ಅಂತ ಅರ್ಥ. ಇಲ್ಲದಿದ್ದರೆ ಖಾಲಿ ಕೈ. ಖಾನೆ ಒಡೆದು ಕೇಳುವುದರ ಬಿಗಿತ ಇದು. ವಿಜಯಪುರದಲ್ಲಿ ನಮ್ಮನ್ನು ಉಳಿಸಿದ್ದೂ ಇದೇ ಬಿಗಿತ, ಹಂಪಿಯಲ್ಲಿ ಅಡ್ಡ ಬಂದದ್ದೂ ಇದೇ.

ಹೆಸರು ಬದಲಾದದ್ದು ಅಷ್ಟು ಕಾಡಲಿಲ್ಲ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾಯಿತು: ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ, ತುಮಕೂರು ಹೀಗೆ. ಹಳೇ ಹೆಸರುಗಳು ನಕ್ಷೆಯಲ್ಲಿ ಉಳಿದಿರುವುದರಿಂದ ಗುಲ್ಬರ್ಗ ಅಂತ ಬರೆದರೂ ಸಿಗುತ್ತದೆ. ಕಾಡುವುದು ಗಡಿ ಬದಲಾದದ್ದು. ಅದರಲ್ಲೂ ಹಳೇ ಹೆಸರು ಹೊಸ ಜಾಗಕ್ಕೆ ಅಂಟಿಕೊಂಡಾಗ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆ ಆಯಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಅನ್ನುವ ತಾಲ್ಲೂಕು ಮೊದಲಿಂದಲೂ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಇದೆ. ಅದೇ ವರ್ಷ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗ ಅದರಲ್ಲೂ ಒಂದು ಬೆಂಗಳೂರು ದಕ್ಷಿಣ! ಕೌಂಟಿ ಖಾನೆಯಲ್ಲಿ ಈ ಹೆಸರು ಕೊಟ್ಟರೆ ಕನಕಪುರದ ಕಡೆ ಹೋಗಬೇಕೋ ಕೆಂಗೇರಿ ಕಡೆಯೋ? ಕೌಂಟಿ ಅನ್ನುವುದು ನಮ್ಮಲ್ಲಿ ಜಿಲ್ಲೆಯೋ ತಾಲ್ಲೂಕೋ ಅನ್ನುವುದೇ ಸ್ಪಷ್ಟವಿಲ್ಲ. ಉತ್ತರದಲ್ಲಿ ಸಾಮಾನ್ಯವಾಗಿ ತಾಲ್ಲೂಕು "ಕೌಂಟಿ" ಅಂತಲೂ ಜಿಲ್ಲೆ "ಸ್ಟೇಟ್ ಡಿಸ್ಟ್ರಿಕ್ಟ್" ಅಂತಲೂ ಬರುತ್ತದೆ. ಕೇಳುವಾಗ ಮಾತ್ರ ಎರಡಕ್ಕೂ ಒಂದೇ ಖಾನೆ.

ನಾವು ಹಿಡಿದ ದಾರಿ: ತಾಲ್ಲೂಕು ಇದ್ದರೆ ಜಿಲ್ಲೆ ಬೇಡ. ಜಿಲ್ಲೆಗಳು ಒಡೆಯುತ್ತವೆ, ಹೆಸರು ಬದಲಿಸುತ್ತವೆ. ಹೊಸಪೇಟೆ ತಾಲ್ಲೂಕು ಮಾತ್ರ ಹೊಸಪೇಟೆ ತಾಲ್ಲೂಕಾಗಿಯೇ ಇದೆ. ಹೊಸ ತಾಲ್ಲೂಕುಗಳೂ ಆಗಿವೆ ಅನ್ನುವುದು ನಿಜ, ಆದರೂ ಜಿಲ್ಲೆಗಿಂತ ತಾಲ್ಲೂಕು ಚಿಕ್ಕದು, ಹೆಚ್ಚು ಬಿಗಿ.

ಮೆಟ್ಟಿಲು

ಕೊನೆಗೆ ಪ್ರಶ್ನೆ ಕೇಳುವ ಕ್ರಮ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಮೊದಲು ರಸ್ತೆ, ಬಡಾವಣೆ, ರಾಜ್ಯ. ಖಾಲಿ ಬಂದರೆ ಬಡಾವಣೆಯ ಜಾಗದಲ್ಲಿ ಬೆಂಗಳೂರು ಹಾಕಿ, ಬಂದದ್ದನ್ನು ಸೋಸುವುದು. ಅದೂ ಖಾಲಿ ಆದರೆ ರಸ್ತೆ ಬಿಟ್ಟು ಬರೀ ಬಡಾವಣೆ. ಕೊನೆಗೆ ಬರೀ ಪಿನ್‌ಕೋಡ್. ಹಳ್ಳಿಗಳಿಗೆ ಊರು ಮತ್ತು ತಾಲ್ಲೂಕು, ಆಮೇಲೆ ಬರೀ ತಾಲ್ಲೂಕು.

ಮೆಟ್ಟಿಲು ಇಳಿಯುವುದು ದೊಡ್ಡ ವಿಷಯ ಅಲ್ಲ. ಎಷ್ಟನೇ ಮೆಟ್ಟಿಲಲ್ಲಿ ಉತ್ತರ ಸಿಕ್ಕಿತು ಅಂತ ಪಕ್ಕದಲ್ಲಿ ಬರೆದಿಡುವುದು ಮುಖ್ಯ. ನಾಮಿನಾಟಿಮ್ ತನ್ನ ಉತ್ತರದಲ್ಲೇ ಪ್ಲೇಸ್ ರ‍್ಯಾಂಕ್ ಅಂತ ಒಂದು ಅಂಕಿ ಕೊಡುತ್ತದೆ. ಕಟ್ಟಡ ಅಥವಾ ಅಂಗಡಿ ಆದರೆ 30, ರಸ್ತೆ ಆದರೆ 26ರ ಸುಮಾರು, ನಗರ ಆದರೆ 16. ರಸ್ತೆ ಕೇಳಿದಾಗ 16 ಬಂದರೆ ಅದು ಉತ್ತರವಲ್ಲ. ಮೊದಲ ನಕ್ಷೆ ಮಾಡಿದ ಸೇವೆಯೂ ಇಂಥದ್ದೇ ಒಂದು ಗುರುತು ಕೊಟ್ಟಿತ್ತು, ಫೈಲಿನಲ್ಲಿ ಒಂದು ಕಾಲಂ ಇತ್ತು. ಯಾರೂ ತೆರೆದು ನೋಡಿರಲಿಲ್ಲ.

ಹೊಸ ನಕ್ಷೆ ನೋಡಿದಾಗ ಸಂಪಾದಕರ ಮುಖ ಸಪ್ಪಗಾಯಿತು. "ಮೊದಲು ಎಲ್ಲಾ ಸಿಕ್ಕಿತ್ತಲ್ಲ, ಈಗ ಯಾಕೆ ಇಷ್ಟೊಂದು ಖಾಲಿ?" ಅಂತ ಕೇಳಿದರು. ರವಾನೆಯ ಹಿರಿಯರು ಖಾಲಿ ಉಳಿದ ಸಾಲುಗಳ ಪ್ರಿಂಟ್ ತೆಗೆಸಿಕೊಂಡು ಫೋನ್ ಹಿಡಿದು ಕೂತರು. ಅವರಿಗೆ ಅದರಲ್ಲಿ ಅರ್ಧ ಜನ ಪರಿಚಯದವರೇ. "ಎಲ್ಲಿ ಅಂತ ಕೇಳೋದು ಗೊತ್ತಾದ್ರೆ ಕೇಳಬಹುದು ಸಾರ್. ಎಲ್ಲಾ ಸರಿ ಇದೆ ಅಂದ್ರೆ ಯಾರನ್ನ ಕೇಳೋದು?" ಅಂದರು. ಸಂಪಾದಕರು ಅದಕ್ಕೆ ಏನೂ ಹೇಳಲಿಲ್ಲ, ಫೋನ್ ಬಿಲ್ಲಿಗೆ ಸಹಿ ಹಾಕಿದರು.

ಕೆಂಪು ಬಣ್ಣದ ಸಾಲುಗಳಲ್ಲಿ ಹೆಚ್ಚಿನವು ಪಿನ್‌ಕೋಡ್ ತಪ್ಪಿನವು. ಇನ್ನು ಕೆಲವು ಕರಾವಳಿಯವು. ಅಲ್ಲಿ ಮನೆಗೆ ಹೆಸರಿರುತ್ತದೆ, ರಸ್ತೆಗೆ ಇರುವುದಿಲ್ಲ. ಮನೆ ಹೆಸರನ್ನು ಅಮೆನಿಟಿಯಲ್ಲಿ ಹಾಕಿ ನೋಡುವುದು ದಂಡ. ಗ್ರಾಮ ಮತ್ತು ತಾಲ್ಲೂಕಿನವರೆಗೆ ಸಿಕ್ಕಿದ್ದಕ್ಕೆ ಸಮಾಧಾನ ಪಟ್ಟೆವು, ಪುಸ್ತಕದಂಗಡಿಗೆ ಕಳಿಸುವುದಕ್ಕೆ ಅಷ್ಟು ಸಾಕು. ಮುಂಬೈ ಮಾಟುಂಗಾದ ಚಂದಾದಾರರದ್ದೂ ಅದೇ ಕಥೆ, ಎಲ್ಲ ಕಟ್ಟಡಗಳ ಹೆಸರು. ಅವನ್ನು ಕೈಯಲ್ಲೇ ಹುಡುಕಿದೆವು.

ಚಂದಾ ಫಾರಂ ಈಗ ಬದಲಾಗಿದೆ. ವಿಳಾಸ ಅಂತ ಒಂದು ದೊಡ್ಡ ಚೌಕ ಇದ್ದ ಕಡೆ ಆರು ಸಾಲು ಬಂದಿವೆ: ಮನೆ ನಂಬರು ಅಥವಾ ಹೆಸರು, ರಸ್ತೆ, ಹತ್ತಿರದ ಕ್ರಾಸ್, ಬಡಾವಣೆ ಅಥವಾ ಗ್ರಾಮ, ತಾಲ್ಲೂಕು, ಪಿನ್‌ಕೋಡ್. ಜಿಲ್ಲೆ ಕೇಳಿಲ್ಲ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್‌ಗೂ ಒಂದು ಸಾಲು ಬಿಡೋಣ ಅಂತ ನಾನು ಹೇಳಿದೆ. ಹತ್ತು ಅಕ್ಷರದ ಆ ಗುರುತು ಸುಮಾರು ನಾಲ್ಕು ಮೀಟರ್ ಚೌಕವನ್ನೇ ತೋರಿಸುತ್ತದೆ, ಇಷ್ಟೆಲ್ಲ ಒಡೆಯುವ ಕೆಲಸವೇ ಬೇಡ. ಯಾರಿಗೂ ತಮ್ಮದು ಗೊತ್ತಿರುವುದಿಲ್ಲ ಅಂತ ಬಿಟ್ಟರು. ಬೆಂಗಳೂರಿನಿಂದ ಬರುವ ಫಾರಂಗಳಲ್ಲಿ ತಾಲ್ಲೂಕಿನ ಸಾಲು ಯಾವಾಗಲೂ ಖಾಲಿ. ತಮ್ಮ ಮನೆ ಯಾವ ತಾಲ್ಲೂಕಿಗೆ ಸೇರುತ್ತದೆ ಅಂತ ಇಲ್ಲಿನವರು ಯೋಚಿಸಿಯೇ ಇರುವುದಿಲ್ಲ, ನಾವೂ ಒತ್ತಾಯ ಮಾಡುವುದಿಲ್ಲ. ಬಡಾವಣೆಯ ಸಾಲು ಖಾಲಿ ಬಿಟ್ಟರೆ ಮಾತ್ರ ಫಾರಂ ಮುಂದಕ್ಕೆ ಹೋಗುವುದಿಲ್ಲ.